ಕಾಡುಹಕ್ಕಿಗಳ ಸಂಖ್ಯೆಯನ್ನು ತಿಳಿಯುವ ಬಗೆ: ಉಂಗುರ ತೊಡಿಸಿ ಮರಳಿ ಹಿಡಿಯುವ ಕ್ರಮ

ಜೋಳ, ಸಜ್ಜೆ, ನವಣೆ ಮುಂತಾದ ಪೈರುಗಳ ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೆ ಹಕ್ಕಿಗಳ ಹಾವಳಿಯ ವಿಷಯವಾಗಿ ಬೇಸಾಯಗಾರರಿಂದ ದೂರುಗಳು ಬರುವುದು ಪ್ರತಿವರ್ಷದ ವಾಡಿಕೆಯಾಗಿದೆ. ಹೊಲದಲ್ಲಿ ಅಟ್ಟಣೆ ಕಟ್ಟಿ, ಕವಣೆ ಬೀಸಿ, ತಗಡು ಬಡಿದು ಕಾವಲು ಕಾಯುವ ಶ್ರಮವೂ ಅದರ ಕೂಲಿಯೂ ಹಿಡುವಳಿದಾರರಿಗೆ ಚೆನ್ನಾಗಿ ತಿಳಿದಿರುವುದೇ ಸರಿ. ಆದರೆ ಹೊಲಕ್ಕೆ ಇಳಿಯುವ ಹಕ್ಕಿಗಳು ಎಷ್ಟೆಂದು ಕೇಳಿದರೆ, 'ಲೆಕ್ಕವಿಲ್ಲದಷ್ಟು' ಎಂದೋ 'ಸಾವಿರಾರು' ಎಂದೋ ಉತ್ತರ ಬರುವುದೇ ಹೊರತು ನಂಬತಕ್ಕ ಅಂಕಿಯೊಂದೂ ದೊರೆಯುವುದಿಲ್ಲ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಹೊಲದ ಒಂದು ಬದುವಿನಿಂದ ಎದ್ದ ಹಿಂಡೇ ಮತ್ತೊಂದು ಬದುವಿನ ಬಳಿ ಇಳಿಯುವುದರಿಂದ ಒಂದೇ ಹಕ್ಕಿಯು ದಿನಕ್ಕೆ ಹತ್ತು ಸಲ ಎಣಿಕೆಗೆ ಸಿಕ್ಕುವುದುಂಟು. ಎಲೆಯ ಮರೆಯಲ್ಲಿ ಕುಳಿತ ಹಕ್ಕಿಯು ಒಂದು ಸಲವೂ ಸಿಕ್ಕದೆ ಹೋಗುವುದುಂಟು. ದನಕರುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಎಣಿಸಬಹುದು. ಕಾಡುಹಕ್ಕಿಗಳನ್ನು ಹಾಗೆ ಕಟ್ಟಿ ಎಣಿಸಲಾಗದು.

ಹೀಗೆ ಎಣಿಕೆಗೆ ನಿಲುಕದ ಪ್ರಾಣಿಗಳ ಸಂಖ್ಯೆಯನ್ನು ಅಂದಾಜು ಮಾಡಲು ಶಾಸ್ತ್ರಜ್ಞರು ಕಂಡುಕೊಂಡಿರುವ ಉಪಾಯವೊಂದುಂಟು. ಕೆಲವು ಹಕ್ಕಿಗಳನ್ನು ಹಿಡಿದು, ಗುರುತು ಹಾಕಿ ಬಿಟ್ಟು, ತರುವಾಯ ಮತ್ತೊಮ್ಮೆ ಹಿಡಿದಾಗ ಅವುಗಳಲ್ಲಿ ಗುರುತಿನವು ಎಷ್ಟು ಸಿಕ್ಕುವುವೆಂದು ನೋಡುವುದೇ ಆ ಉಪಾಯ. ಅದರ ತತ್ವವನ್ನೂ, ಅದರಲ್ಲಿ ತಪ್ಪು ಹೊಗುವ ದಾರಿಗಳನ್ನೂ, ಗ್ರಾಮದ ಮುಖಂಡರಿಂದ ಅದಕ್ಕೆ ಆಗಬೇಕಾದ ಸಹಾಯವನ್ನೂ ಮುಂದೆ ವಿವರಿಸಿದೆ.

ಸಂಖ್ಯೆಯನ್ನೂ ಸ್ವಭಾವವನ್ನೂ ಅರಿಯದೆ ಕೈಗೊಂಡ ಕ್ರಮದ ಫಲ

ಹಕ್ಕಿಗಳ ಲೆಕ್ಕದಿಂದ ಬೇಸಾಯಕ್ಕೆ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ಚೀನಾ ದೇಶದಲ್ಲಿ ನಡೆದ ಒಂದು ಸಂಗತಿಯೇ ಇದಕ್ಕೆ ಉತ್ತರವಾಗಿದೆ. ಅಲ್ಲಿನ ಸರ್ಕಾರವು ೧೯೫೮ನೆಯ ಇಸವಿಯಲ್ಲಿ ಇಲಿ, ನೊಣ, ಸೊಳ್ಳೆಗಳ ಸಂಗಡ ಗುಬ್ಬಿಯನ್ನೂ ನಾಲ್ಕು ಪೀಡೆಗಳಲ್ಲಿ ಒಂದೆಂದು ಸಾರಿ, ಕಾಳು ತಿನ್ನುವ ಆ ಹಕ್ಕಿಯನ್ನು ನಾಶಪಡಿಸಲು ಜನರನ್ನು ಹುರಿದುಂಬಿಸಿತು. ಜನರು ತಮಟೆ, ತಟ್ಟೆಗಳನ್ನು ಬಡಿದು ಗುಬ್ಬಿಗಳು ಎಲ್ಲಿಯೂ ಕೂರದಂತೆ ಹಾರಿಸಿ, ದಣಿದು ಬಿದ್ದವುಗಳನ್ನು ಕೊಂದರು. ಗೂಡುಗಳನ್ನು ಕಿತ್ತು ಮೊಟ್ಟೆಗಳನ್ನು ಒಡೆದರು. ಗುಬ್ಬಿಗಳ ಹೊಟ್ಟೆಯನ್ನು ಸೀಳಿ ಪರೀಕ್ಷಿಸಿದ ಪ್ರಾಣಿಶಾಸ್ತ್ರಜ್ಞರು, ಅವು ಕಾಳನ್ನು ತಿನ್ನುವುದು ದಿಟವಾದರೂ ಮರಿ ಸಾಕುವ ಕಾಲದಲ್ಲಿ ಹುಳುಗಳನ್ನು ಹೇರಳವಾಗಿ ತಿನ್ನುವುವೆಂದು ತೋರಿಸಿದರು. ಗುಬ್ಬಿಗಳು ಇಲ್ಲವಾದ ಮೇಲೆ ಪೈರಿನ ಹುಳುಗಳ ಬಾಧೆ ಹೆಚ್ಚಿತು. ೧೯೬೦ರಲ್ಲಿ ಗುಬ್ಬಿಯ ಹೆಸರನ್ನು ಪಟ್ಟಿಯಿಂದ ತೆಗೆದು ಅದರ ಸ್ಥಾನದಲ್ಲಿ ತಿಗಣೆಯನ್ನು ಸೇರಿಸಲಾಯಿತು.

ಒಂದೇ ಹಕ್ಕಿಯು ಒಂದೆಡೆ ಹಗೆಯಾಗಿ ಮತ್ತೊಂದೆಡೆ ನೆಂಟನಾಗಿರುವುದೂ ಉಂಟು. ಚಳಿಗಾಲದಲ್ಲಿ ದಖ್ಖಣದ ಬಯಲಿಗೆ ಹಿಂಡುಹಿಂಡಾಗಿ ಬಂದು ಜೋಳದ ತೆನೆಗೆ ಎರಗುವ ಗುಲಾಬಿ ಕಬ್ಬಕ್ಕಿಯು ತನ್ನ ಸಂತಾನಕಾಲದಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮಿಡತೆಗಳನ್ನು ತಿಂದು ಬದುಕುತ್ತದೆ. ಚೀನಾ ದೇಶದ ಶಿಂಜಿಯಾಂಗ್ ಪ್ರಾಂತದಲ್ಲಿ ಮಿಡತೆಗಳ ಹತೋಟಿಗಾಗಿ ಇದೇ ಹಕ್ಕಿಗೆ ಗೂಡು ಕಟ್ಟಲು ತಕ್ಕ ಎಡೆಗಳನ್ನು ಮಾಡಿಕೊಟ್ಟಿರುವರು. ಆದುದರಿಂದ ಯಾವ ಹಕ್ಕಿ, ಎಷ್ಟು, ಎಲ್ಲಿಂದ ಬರುವುದು, ಎಷ್ಟು ಕಾಲ ಬದುಕುವುದು ಎಂಬುದನ್ನು ಅರಿಯದೆ ಅದರ ವಿಷಯದಲ್ಲಿ ತೀರ್ಮಾನ ಮಾಡುವುದು ಅಳತೆ ಮಾಡದೆ ಜಮೀನಿಗೆ ಕಂದಾಯ ಕಟ್ಟಿದಂತೆ ಆಗುವುದು.

ಮೂಲತತ್ವ

ಈ ಕ್ರಮದ ತತ್ವವನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಒಂದು ಚೀಲದಲ್ಲಿ ಅವರೆಕಾಳುಗಳಿವೆ, ಎಷ್ಟಿವೆಯೆಂದು ತಿಳಿಯದು. ಚೀಲದಿಂದ ೧೦೦ ಕಾಳುಗಳನ್ನು ತೆಗೆದು, ಕೆಮ್ಮಣ್ಣಿನ ಬಣ್ಣ ಹಚ್ಚಿ, ಒಣಗಿಸಿ, ಪುನಃ ಚೀಲಕ್ಕೆ ಹಾಕಿ, ಎಲ್ಲವೂ ಚೆನ್ನಾಗಿ ಬೆರೆಯುವಂತೆ ಕುಲುಕಬೇಕು. ಆ ಮೇಲೆ ಕಣ್ಣು ಮುಚ್ಚಿಕೊಂಡು ಮತ್ತೆ ೧೦೦ ಕಾಳುಗಳನ್ನು ತೆಗೆಯಬೇಕು. ಅವುಗಳಲ್ಲಿ ೫ ಕಾಳುಗಳಿಗೆ ಬಣ್ಣವಿದ್ದರೆ, ಇಪ್ಪತ್ತರಲ್ಲಿ ಒಂದು ಕಾಳು ಬಣ್ಣದ್ದೆಂದಾಯಿತು. ಕೈಗೆ ಬಂದ ಕಾಳುಗಳಲ್ಲಿ ಇರುವ ಪ್ರಮಾಣವೇ ಚೀಲದಲ್ಲಿಯೂ ಇರತಕ್ಕದ್ದು. ಚೀಲದಲ್ಲಿ ಬಣ್ಣದ ಕಾಳುಗಳು ೧೦೦ ಇರುವುದು ಗೊತ್ತಿದೆ. ಅದು ಇಪ್ಪತ್ತನೆಯ ಒಂದು ಪಾಲಾದರೆ ಒಟ್ಟು ಕಾಳುಗಳು ಸುಮಾರು ೨,೦೦೦ ಆಗಿರಬೇಕು. ಚೀಲವನ್ನು ಸುರಿದು ಎಣಿಸುವ ಅಗತ್ಯವೇ ಬೀಳಲಿಲ್ಲ.

ಇದನ್ನು ಸೂತ್ರರೂಪವಾಗಿ ಹೇಳುವುದಾದರೆ: ಮೊದಲು ಗುರುತು ಹಾಕಿದವುಗಳ ಸಂಖ್ಯೆಯನ್ನು ಎರಡನೆಯ ಸಲ ಹಿಡಿದವುಗಳ ಸಂಖ್ಯೆಯಿಂದ ಗುಣಿಸಿ, ಎರಡನೆಯ ಸಲ ಸಿಕ್ಕ ಗುರುತಿನವುಗಳ ಸಂಖ್ಯೆಯಿಂದ ಭಾಗಿಸತಕ್ಕದ್ದು. ಬಂದ ಫಲವೇ ಒಟ್ಟು ಸಂಖ್ಯೆಯ ಅಂದಾಜು.

ಈ ಕ್ರಮದ ಪೂರ್ವವೃತ್ತಾಂತ

ಈ ವಿಚಾರವು ಮೊದಲು ಹುಟ್ಟಿದುದು ಮನುಷ್ಯರ ಖಾನೇಸುಮಾರಿಯ ವಿಷಯದಲ್ಲಿ. ಫ್ರಾನ್ಸ್ ದೇಶದ ಗಣಿತಜ್ಞನಾದ ಲಾಪ್ಲಾಸನು ದೇಶದ ಎಲ್ಲ ಜನರನ್ನೂ ಎಣಿಸದೆ, ಕೆಲವು ಗ್ರಾಮಗಳಲ್ಲಿ ಮಾತ್ರ ಜನರನ್ನು ಸರಿಯಾಗಿ ಎಣಿಸಿ, ಅಲ್ಲಿನ ಜನನದ ದಾಖಲೆಗಳಿಗೂ ಜನಸಂಖ್ಯೆಗೂ ಇರುವ ಪ್ರಮಾಣವನ್ನು ತೆಗೆದನು. ವರ್ಷಕ್ಕೆ ಒಂದು ಜನನಕ್ಕೆ ೨೮ಕ್ಕಿಂತ ತುಸು ಹೆಚ್ಚು ಜನರಂತೆ ಪ್ರಮಾಣವು ಬಂದಿತು. ೧೮೦೨ರ ಸುಮಾರಿನ ಈ ಲೆಕ್ಕದ ಮೇರೆಗೆ ದೇಶದ ಜನಸಂಖ್ಯೆಯು ಸುಮಾರು ೨ ಕೋಟಿ ೮೩ ಲಕ್ಷವೆಂದು ಅಂದಾಜು ಮಾಡಲಾಯಿತು. ಇಲ್ಲಿ ಜನನದ ದಾಖಲೆಯೇ ಗುರುತಿನ ಕೆಲಸವನ್ನು ಮಾಡಿತು.

ಡೆನ್ಮಾರ್ಕ್ ದೇಶದ ಮತ್ಸ್ಯಶಾಸ್ತ್ರಜ್ಞನಾದ ಪೀಟರ್ಸನ್ ಎಂಬಾತನು ಸಮುದ್ರದ ಮೀನುಗಳಿಗೆ ಗುರುತಿನ ಬಿಲ್ಲೆಗಳನ್ನು ಸಿಕ್ಕಿಸಿ ಬಿಟ್ಟು, ಬೆಸ್ತರ ಬಲೆಗೆ ಅವು ಎಷ್ಟು ಮರಳಿ ಬೀಳುವುವೆಂದು ನೋಡಿ ೧೮೯೬ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಅದೇ ದೇಶದ ವೀಬೋರ್ ಪಟ್ಟಣದ ಉಪಾಧ್ಯಾಯನಾದ ಮಾರ್ಟೆನ್‌ಸನ್ ಎಂಬಾತನು ೧೮೯೯ರಲ್ಲಿ ನೂರಕ್ಕೂ ಹೆಚ್ಚು ಕಬ್ಬಕ್ಕಿಗಳ ಕಾಲಿಗೆ ಅಂಕಿ ಕೆತ್ತಿದ ಅಲ್ಯೂಮಿನಿಯಂ ಉಂಗುರಗಳನ್ನು ತೊಡಿಸಿದನು. ಅದಕ್ಕೆ ಮುಂಚೆ ಆತನು ಸತುವಿನ ಉಂಗುರಗಳನ್ನು ಮಾಡಿ ನೋಡಿದ್ದನು. ಅವು ಹಕ್ಕಿಗೆ ಭಾರವಾದವು. ಹಗುರವಾದ ಅಲ್ಯೂಮಿನಿಯಂ ಉಂಗುರವು ಹಕ್ಕಿಯ ಹಾರಾಟಕ್ಕೆ ಅಡ್ಡಿಯಾಗಲಿಲ್ಲ. ಈಗ ಪ್ರಪಂಚದಲ್ಲೆಲ್ಲ ನಡೆಯುತ್ತಿರುವ ಉಂಗುರದ ಕೆಲಸಕ್ಕೆ ಆ ಉಪಾಧ್ಯಾಯನ ಪ್ರಯೋಗವೇ ತಳಹದಿ.

ಉಂಗುರದ ದಾಖಲೆಗಳಿಂದ ಹಕ್ಕಿಗಳ ಒಟ್ಟು ಸಂಖ್ಯೆಯನ್ನು ಲೆಕ್ಕ ಹಾಕುವ ಕ್ರಮವನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಫ್ರೆಡರಿಕ್ ಲಿಂಕನ್ ಎಂಬಾತನು ೧೯೩೦ರಲ್ಲಿ ವಿವರಿಸಿದನು. ಇದು ಪ್ರಕಟವಾದುದು ಆ ದೇಶದ ವ್ಯವಸಾಯ ಇಲಾಖೆಯ ಸರ್ಕ್ಯುಲರ್ ರೂಪದಲ್ಲಿಯೇ ಎಂಬುದು ಗಮನಿಸತಕ್ಕ ಸಂಗತಿ. ಬೇಟೆಗಾರರು ಹೊಡೆಯುವ ಕಾಡುಬಾತುಗಳ ಸಂತತಿಯು ಉಳಿಯುವುದೋ ಅಳಿಯುವುದೋ ಎಂಬುದೇ ಆಗ ಅಲ್ಲಿನ ಚಿಂತೆಯಾಗಿದ್ದಿತು. ಪೀಟರ್ಸನ್, ಲಿಂಕನ್ ಇಬ್ಬರ ಹೆಸರುಗಳನ್ನೂ ಕೂಡಿಸಿ ಈ ಸೂತ್ರವನ್ನು ಇಂದಿಗೂ ಕರೆಯುತ್ತಾರೆ.

ಹಕ್ಕಿಯನ್ನು ಹಿಡಿಯುವ ಮತ್ತು ಗುರುತಿಸುವ ವಿಧಾನ

ಸಣ್ಣ ಹಕ್ಕಿಗಳನ್ನು ಹಿಡಿಯಲು ಬಹು ನವಿರಾದ ನೂಲಿನ ಬಲೆಗಳನ್ನು ಎರಡು ಗಳುಗಳ ನಡುವೆ ತೆರೆಯಂತೆ ಕಟ್ಟುತ್ತಾರೆ. ಗಿಡಗಳ ಹಿನ್ನೆಲೆಯಲ್ಲಿ ಅದು ಕಣ್ಣಿಗೆ ಕಾಣದಿರುವುದರಿಂದ ಹಾರಿಬಂದ ಹಕ್ಕಿಯು ಬಲೆಯ ಮಡಿಲಿಗೆ ಬೀಳುತ್ತದೆ. ಬಲೆಯನ್ನು ಆಗಾಗ್ಗೆ ನೋಡುತ್ತಿದ್ದು, ಬಿದ್ದ ಹಕ್ಕಿಯನ್ನು ತಡಮಾಡದೆ ಬಿಡಿಸಿ, ಬಟ್ಟೆಯ ಚೀಲದಲ್ಲಿಟ್ಟು, ಜಾತಿ, ವಯಸ್ಸು, ತೂಕ, ರೆಕ್ಕೆಯ ಉದ್ದ ಇವುಗಳನ್ನು ಬರೆದುಕೊಂಡು, ಕಾಲಿಗೆ ಉಂಗುರವನ್ನು ತೊಡಿಸಿ ಬಿಡಬೇಕು. ಬಿಸಿಲು, ಮಳೆಗಳಲ್ಲಿ ಬಲೆಯನ್ನು ತೆರೆದಿಡಕೂಡದು. ಭಾರತದಲ್ಲಿ ಈ ಕೆಲಸಕ್ಕೆ ಬಿಹಾರದ ಮೀರ್‌ಶಿಕಾರರೆಂಬ ವಂಶಪಾರಂಪರ್ಯ ಹಕ್ಕಿಹಿಡುಕರ ಕೈಚಳಕವು ಬಹಳವಾಗಿ ಉಪಯೋಗಕ್ಕೆ ಬಂದಿರುವುದು.

ಉಂಗುರವು ಕಾಲಿನ ಮೇಲೆ ಸರಾಗವಾಗಿ ತಿರುಗಬೇಕು; ಆದರೆ ಪಾದದಿಂದ ಜಾರಬಾರದು. ಪ್ರತಿಯೊಂದು ಉಂಗುರದ ಮೇಲೂ ಬೇರೆಬೇರೆ ಅಂಕಿಯಿದ್ದು, ಒಂದರ ಅಂಕಿ ಮತ್ತೊಂದಕ್ಕೆ ಇರುವುದಿಲ್ಲ. ದೊಡ್ಡ ಹಕ್ಕಿಗಳಿಗೆ ದೂರದಿಂದಲೇ ಓದಬಹುದಾದ ಅಕ್ಷರಗಳುಳ್ಳ ಕೊರಳಪಟ್ಟಿಯನ್ನೋ, ಬಣ್ಣದ ಕಾಲುಂಗುರಗಳನ್ನೋ ತೊಡಿಸುವುದುಂಟು. ಇಂತಹ ಗುರುತುಗಳಿಂದ ಹಕ್ಕಿಯನ್ನು ಎರಡನೆಯ ಸಲ ಹಿಡಿಯುವ ಕೆಲಸವೇ ತಪ್ಪುವುದು. ದುರ್ಬೀನಿನಿಂದ ನೋಡಿ ಬರೆದುಕೊಂಡರೂ ಮರಳಿ ಹಿಡಿದಂತೆಯೇ ಲೆಕ್ಕ.

ಲೆಕ್ಕದ ಉದಾಹರಣೆ

ಒಂದು ಗ್ರಾಮದ ತೋಪಿನಲ್ಲಿ ರಾತ್ರಿ ತಂಗುವ ಗೊರವಂಕಗಳ ಸಂಖ್ಯೆಯನ್ನು ತಿಳಿಯಬೇಕೆಂದು ಇಟ್ಟುಕೊಳ್ಳುವ. ಮೊದಲ ದಿನ ೧೨೦ ಹಕ್ಕಿಗಳನ್ನು ಹಿಡಿದು ಉಂಗುರ ತೊಡಿಸಿ ಬಿಟ್ಟರೆಂದೂ, ಒಂದು ವಾರದ ಮೇಲೆ ೧೫೦ ಹಕ್ಕಿಗಳನ್ನು ಹಿಡಿದಾಗ ಅವುಗಳಲ್ಲಿ ೧೨ಕ್ಕೆ ಉಂಗುರವಿದ್ದಿತೆಂದೂ ಭಾವಿಸಬೇಕು. ೧೨೦ನ್ನು ೧೫೦ರಿಂದ ಗುಣಿಸಿದರೆ ೧೮,೦೦೦. ಅದನ್ನು ೧೨ರಿಂದ ಭಾಗಿಸಿದರೆ ೧,೫೦೦ ಆಗುವುದು.

ಮರಳಿ ಸಿಕ್ಕ ಹಕ್ಕಿಗಳು ಕೆಲವೇ ಆಗಿದ್ದಾಗ ಈ ಸೂತ್ರವು ಸಂಖ್ಯೆಯನ್ನು ತುಸು ಹೆಚ್ಚಾಗಿ ತೋರಿಸುವುದೆಂದು ತಿಳಿದುಬಂದಿದೆ. ಆದಕಾರಣ ೧೯೫೧ರಲ್ಲಿ ಚಾಪ್‌ಮನ್ ಎಂಬಾತನು ಸೂಚಿಸಿದ ತಿದ್ದುಪಡಿಯಂತೆ ಮೂರು ಸಂಖ್ಯೆಗಳಿಗೂ ಒಂದೊಂದನ್ನು ಕೂಡಿಸಿ ಲೆಕ್ಕ ಮಾಡಿ, ಕೊನೆಗೆ ಬಂದುದರಲ್ಲಿ ಒಂದನ್ನು ಕಳೆಯುವರು. ಮೇಲಣ ಉದಾಹರಣೆಯಲ್ಲಿ ೧೨೧ನ್ನು ೧೫೧ರಿಂದ ಗುಣಿಸಿ, ೧೩ರಿಂದ ಭಾಗಿಸಿ, ಒಂದನ್ನು ಕಳೆದರೆ ಸುಮಾರು ೧,೪೦೪ ಬರುವುದು.

ಈ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಇದನ್ನೂ ಲೆಕ್ಕದಿಂದಲೇ ಹೇಳಬಹುದಾಗಿದೆ. ಮೇಲಿನ ಪ್ರಯೋಗದ ಮೇರೆಗೆ ನಿಜವಾದ ಸಂಖ್ಯೆಯು ಸುಮಾರು ೭೪೦ಕ್ಕೂ ೨,೦೭೦ಕ್ಕೂ ನಡುವೆ ಇರುವುದೆಂದು ಹೇಳಬೇಕು. ಹೀಗೆ ಮಾಡಿದ ನೂರು ಪ್ರಯೋಗಗಳಲ್ಲಿ ಸುಮಾರು ೯೫ರಲ್ಲಿ ನಿಜಸಂಖ್ಯೆಯು ಆಯಾ ಎಲ್ಲೆಗಳ ಒಳಗೇ ಬೀಳುವುದು. ಈ ಎಲ್ಲೆಯು ಬಹಳ ವಿಶಾಲವಾಯಿತೆಂಬುದು ಸ್ಪಷ್ಟ. ಅದೇ ತೋಪಿನಲ್ಲಿ ಎರಡರಷ್ಟು ಶ್ರಮಪಟ್ಟು ಮೊದಲು ೨೪೦ ಹಕ್ಕಿಗಳಿಗೆ ಉಂಗುರ ತೊಡಿಸಿ, ಎರಡನೆಯ ಸಲ ೩೦೦ನ್ನು ಹಿಡಿದು, ಅವುಗಳಲ್ಲಿ ಉಂಗುರದವು ೪೮ ಸಿಕ್ಕಿದರೆ, ಅಂದಾಜು ೧,೪೭೯ ಆಗಿ, ಎಲ್ಲೆಗಳು ೧,೧೪೪ಕ್ಕೂ ೧,೮೧೪ಕ್ಕೂ ಇಳಿಯುವುವು. ಶ್ರಮವನ್ನು ಎರಡೂ ಸಲ ಇಮ್ಮಡಿ ಮಾಡಿದುದರಿಂದ ಸಂಶಯವು ಅರ್ಧಕ್ಕೆ ಇಳಿಯಿತು. ಆದುದರಿಂದ ನಾಲ್ಕೈದು ಉಂಗುರಗಳು ಮಾತ್ರ ಮರಳಿ ಸಿಕ್ಕಿದ ಪ್ರಯೋಗದ ಆಧಾರದ ಮೇಲೆ ಯಾವ ದೊಡ್ಡ ತೀರ್ಮಾನವನ್ನೂ ಮಾಡಕೂಡದು.

ತಪ್ಪು ಹೊಗುವ ದಾರಿಗಳು

ಅವರೆಕಾಳುಗಳು ಚೀಲದಿಂದ ಹಾರಿಹೋಗುವುದಿಲ್ಲ, ಸಾಯುವುದಿಲ್ಲ, ಕೈಯನ್ನು ಕಂಡು ಹೆದರುವುದೂ ಇಲ್ಲ. ಹಕ್ಕಿಗಳು ಹಾಗಲ್ಲ. ಆದುದರಿಂದ ಈ ಕೆಳಗಿನ ನಿಬಂಧನೆಗಳು ನೆರವೇರಿದಲ್ಲಿ ಮಾತ್ರ ಮೇಲಿನ ಸೂತ್ರವು ಸರಿಯಾದ ಫಲವನ್ನು ಕೊಡುವುದು.

ಮೊದಲನೆಯದಾಗಿ, ಎರಡು ಹಿಡಿತಗಳ ನಡುವೆ ಹೊಸ ಹಕ್ಕಿಗಳು ಬಂದು ಸೇರಬಾರದು, ಇದ್ದವು ಹೊರಟುಹೋಗಬಾರದು. ವಲಸೆಯ ಕಾಲದಲ್ಲಿ ಅಥವಾ ಮರಿಗಳು ಗೂಡು ಬಿಡುವ ಕಾಲದಲ್ಲಿ ಪ್ರಯೋಗ ಮಾಡಿದರೆ ಉಂಗುರವಿಲ್ಲದ ಹೊಸ ಹಕ್ಕಿಗಳು ಬೆರೆತು, ಮೊದಲ ದಿನ ಇದ್ದುದಕ್ಕಿಂತ ಹೆಚ್ಚು ಸಂಖ್ಯೆ ಕಂಡುಬರುವುದು. ಆದಕಾರಣ ಎರಡು ಹಿಡಿತಗಳ ನಡುವಣ ಅವಧಿಯು ಕಡಿಮೆಯಾಗಿರಬೇಕು.

ಎರಡನೆಯದಾಗಿ, ಉಂಗುರವು ಬಿದ್ದುಹೋಗಬಾರದು; ಉಂಗುರದಿಂದಲೂ ಹಿಡಿತದಿಂದಲೂ ಹಕ್ಕಿಗೆ ಸಾವಾಗಲಿ ಗಾಯವಾಗಲಿ ಆಗಬಾರದು. ಆದಲ್ಲಿ ಗುರುತಿನವು ಕಡಿಮೆ ಸಿಕ್ಕಿ, ಭಾಜಕವು ಚಿಕ್ಕದಾಗಿ, ಫಲವು ದೊಡ್ಡದಾಗುವುದು.

ಮೂರನೆಯದಾಗಿ, ಉಂಗುರದ ಹಕ್ಕಿಯೂ ಉಂಗುರವಿಲ್ಲದ ಹಕ್ಕಿಯೂ ಸಿಕ್ಕುವ ಸಂಭವವು ಸಮನಾಗಿರಬೇಕು. ಒಮ್ಮೆ ಬಲೆಗೆ ಬಿದ್ದ ಹಕ್ಕಿಯು ಆ ಬಲೆಯ ಬಳಿ ಸುಳಿಯದೆ ಹೋದರೆ ಸಂಖ್ಯೆಯು ಇದ್ದುದಕ್ಕಿಂತ ಹೆಚ್ಚಾಗಿ ತೋರುವುದು. ಇದಕ್ಕೆ ವ್ಯತಿರಿಕ್ತವಾಗಿ, ಕಾಳು ಹಾಕಿ ಹಿಡಿಯುವ ಬೋನಿನ ರುಚಿ ಕಂಡ ಹಕ್ಕಿಯು ಮರಳಿ ಮರಳಿ ಅದೇ ಬೋನಿಗೆ ಬಂದರೆ ಸಂಖ್ಯೆಯು ಇದ್ದುದಕ್ಕಿಂತ ಕಡಿಮೆಯಾಗಿ ತೋರುವುದು. ಬಲೆಯ ಸ್ಥಳವನ್ನು ಬದಲಾಯಿಸುವುದೂ, ಎರಡನೆಯ ಸಲ ಹಿಡಿಯದೆ ದೂರದಿಂದ ನೋಡುವುದೂ ಇದಕ್ಕೆ ಪರಿಹಾರಗಳು.

ನಾಲ್ಕನೆಯದಾಗಿ, ಉಂಗುರದ ಹಕ್ಕಿಗಳು ಉಳಿದವುಗಳಲ್ಲಿ ಚೆನ್ನಾಗಿ ಬೆರೆಯಬೇಕು. ತೋಪಿನ ಒಂದೇ ಮೂಲೆಯಲ್ಲಿ ಎರಡು ಸಲವೂ ಹಿಡಿದರೆ ಆ ಮೂಲೆಯ ಲೆಕ್ಕವಾಗುವುದೇ ಹೊರತು ತೋಪಿನ ಲೆಕ್ಕವಾಗದು.

ಐದನೆಯದಾಗಿ, ಮರಳಿ ಸಿಕ್ಕ ಪ್ರತಿಯೊಂದು ಉಂಗುರವೂ ದಾಖಲೆಗೆ ಬರಬೇಕು. ಈ ಕೊನೆಯ ನಿಬಂಧನೆಯು ಗ್ರಾಮಸ್ಥರ ಕೈಯಲ್ಲಿರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ.

ಬೇಟೆಗೆ ಅನುಮತಿಯಿರುವ ಒಂದು ದೇಶದಲ್ಲಿ ೧,೦೦೦ ಕಾಡುಬಾತುಗಳಿಗೆ ಉಂಗುರ ತೊಡಿಸಿದರೆಂದೂ, ಆ ವರ್ಷ ಬೇಟೆಗಾರರು ಒಟ್ಟು ೨೦,೦೦೦ ಬಾತುಗಳನ್ನು ಹೊಡೆದರೆಂದೂ, ಅವುಗಳಲ್ಲಿ ಉಂಗುರದವು ೧೦೦ ಎಂದೂ ಭಾವಿಸಬೇಕು. ಉಂಗುರದವುಗಳಲ್ಲಿ ಹತ್ತನೆಯ ಒಂದು ಪಾಲು ಹತವಾದುದರಿಂದ, ೨೦,೦೦೦ವೂ ಒಟ್ಟು ಹಕ್ಕಿಗಳ ಹತ್ತನೆಯ ಒಂದು ಪಾಲಾಗಿ, ಒಟ್ಟು ಸಂಖ್ಯೆಯು ೨ ಲಕ್ಷವಾಯಿತು. ಆದರೆ ಉಂಗುರ ಸಿಕ್ಕ ನೂರು ಮಂದಿ ಬೇಟೆಗಾರರಲ್ಲಿ ೫೦ ಮಂದಿ ಉದಾಸೀನದಿಂದ ಉಂಗುರವನ್ನು ಎಸೆದರೆ, ಅಧಿಕಾರಿಗಳಿಗೆ ತಿಳಿಯುವ ಉಂಗುರಗಳು ೫೦ ಮಾತ್ರ. ಆಗ ಇಪ್ಪತ್ತನೆಯ ಒಂದು ಪಾಲು ಹತವಾಯಿತೆಂದು ಲೆಕ್ಕವಾಗಿ, ಒಟ್ಟು ಸಂಖ್ಯೆಯು ೪ ಲಕ್ಷವೆಂದು ಕಂಡುಬರುವುದು. ಇಲ್ಲದ ೨ ಲಕ್ಷ ಹಕ್ಕಿಗಳು ಕಾಗದದ ಮೇಲೆ ಹುಟ್ಟಿದವು! ಹತ್ತನೆಯ ಒಂದು ಪಾಲನ್ನು ಹೊಡೆಯಬಹುದೆಂದು ಮುಂದಿನ ವರ್ಷ ಅಪ್ಪಣೆಯಾದರೆ ೪೦,೦೦೦ ಹಕ್ಕಿಗಳು ಹತವಾಗುವುವು; ಅದು ನಿಜವಾಗಿ ಇರುವ ಹಕ್ಕಿಗಳ ಐದನೆಯ ಒಂದು ಪಾಲು.

ಇದು ಬರಿಯ ಊಹೆಯಲ್ಲ. ಉತ್ತರ ಅಮೆರಿಕಾದಲ್ಲಿ ಬಹುಕಾಲದವರೆಗೆ ಬೇಟೆಗಾರರ ಕೈಗೆ ಸಿಕ್ಕ ಬಾತಿನ ಉಂಗುರಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ವರದಿಯಾಗುತ್ತಿದ್ದುವು. ಕೆಲವು ಉಂಗುರಗಳ ಮೇಲೆ ಬಹುಮಾನದ ಮೊಬಲಗನ್ನು ಕೆತ್ತಿಸಿ, ಬಹುಮಾನದವು ಎಷ್ಟು ಬರುವುವು, ಸಾಮಾನ್ಯದವು ಎಷ್ಟು ಬರುವುವು ಎಂದು ಹೋಲಿಸಿ ಅಲ್ಲಿನವರು ಈ ಕೊರತೆಯನ್ನು ಕಂಡುಹಿಡಿದರು. ೧೯೯೦ರ ದಶಕದಲ್ಲಿ ಖರ್ಚಿಲ್ಲದೆ ತಿಳಿಸಲು ಅನುಕೂಲವಾಗುವಂತೆ ಉಂಗುರದ ಮೇಲೆಯೇ ಟೆಲಿಫೋನಿನ ಅಂಕಿಯನ್ನು ಕೆತ್ತಿಸಲು ಆರಂಭಿಸಿದ ಮೇಲೆ ವರದಿಗಳ ಪ್ರಮಾಣವು ಅರ್ಧವನ್ನು ಚೆನ್ನಾಗಿ ಮೀರಿತು.

ಆಯುಸ್ಸಿನ ಲೆಕ್ಕ

ಹಲವು ವರ್ಷಗಳ ಕಾಲ ನಡೆಯುವ ಅಧ್ಯಯನದಲ್ಲಿ ಹುಟ್ಟುಸಾವುಗಳು ತಪ್ಪುವುದಿಲ್ಲ. ಇಂತಹ ಸಂದರ್ಭಕ್ಕೆ ತಕ್ಕ ಲೆಕ್ಕವನ್ನು ೧೯೬೪ರಲ್ಲಿ ಕಾರ್ಮ್ಯಾಕ್ ಎಂಬಾತನೂ, ೧೯೬೫ರಲ್ಲಿ ಜಾಲಿ, ಸೀಬರ್ ಎಂಬಿಬ್ಬರು ಪ್ರತ್ಯೇಕವಾಗಿಯೂ ಪ್ರಕಟಿಸಿದರು. ಕಾಣದಿರುವುದು ಬೇರೆ, ಸತ್ತಿರುವುದು ಬೇರೆ ಎಂಬುದೇ ಇದರ ಸಾರಾಂಶ.

ಉದಾಹರಣೆಗೆ, ಒಂದು ವರ್ಷ ೧೦೦ ಹಕ್ಕಿಗಳಿಗೆ ಬಣ್ಣದ ಉಂಗುರ ತೊಡಿಸಲಾಯಿತು. ಎರಡನೆಯ ವರ್ಷ ಅವುಗಳಲ್ಲಿ ೪೦ ಕಂಡವು. ಉಳಿದ ೬೦ ಸತ್ತುವೆಂದು ಹೇಳಬಹುದೇ? ಹೇಳಲಾಗದು. ಮೂರನೆಯ ವರ್ಷ ೨೦ ಹಕ್ಕಿಗಳು ಕಂಡವು. ಈ ೨೦ರಲ್ಲಿ ೧೬ ಎರಡನೆಯ ವರ್ಷದಲ್ಲಿಯೂ ಕಂಡಿದ್ದುವು, ೪ ಕಂಡಿರಲಿಲ್ಲ. ಈ ಇಪ್ಪತ್ತೂ ಎರಡನೆಯ ವರ್ಷದಲ್ಲಿ ಬದುಕಿದ್ದುದು ನಿಶ್ಚಯ; ಆದರೂ ಆಗ ಕಂಡುದು ೧೬ ಮಾತ್ರ. ಎಂದರೆ ಎರಡನೆಯ ವರ್ಷದಲ್ಲಿ ನೋಡುವವರ ಕಣ್ಣಿಗೆ ಬಿದ್ದುದು ನೂರಕ್ಕೆ ೮೦ ಪಾಲು. ಆ ವರ್ಷ ಕಂಡ ೪೦ ಹಕ್ಕಿಗಳು ಬದುಕಿದ್ದವುಗಳ ನೂರಕ್ಕೆ ೮೦ ಪಾಲಾದರೆ, ಬದುಕಿದ್ದವು ೫೦ ಆಗಿರಬೇಕು. ಹೀಗೆ, ಉಳಿದವುಗಳ ಪ್ರಮಾಣವು ನೂರಕ್ಕೆ ೪೦ ಅಲ್ಲ, ೫೦ ಎಂದು ತಿಳಿಯುವುದು.

ಇಂತಹ ಅಧ್ಯಯನಗಳಲ್ಲಿ ಹೆಸರಾದುದು ಇಂಗ್ಲೆಂಡಿನ ಆಕ್ಸ್‌ಫರ್ಡಿನ ಬಳಿಯ ವೈಟಮ್ ಕಾಡಿನಲ್ಲಿ ೧೯೪೭ರಲ್ಲಿ ಡೇವಿಡ್ ಲ್ಯಾಕ್ ಎಂಬಾತನು ಆರಂಭಿಸಿದ ಕೆಲಸ. ಅಲ್ಲಿ ಮರದ ಗೂಡುಪೆಟ್ಟಿಗೆಗಳನ್ನು ಕಟ್ಟಿ, ಅವುಗಳಲ್ಲಿ ಮರಿಮಾಡುವ ಚೇಕಡಿ ಹಕ್ಕಿಗಳಿಗೆ ವರ್ಷವರ್ಷವೂ ಉಂಗುರ ತೊಡಿಸುತ್ತ ಬಂದಿರುವರು. ಬೆಳೆದ ಹಕ್ಕಿಗಳಲ್ಲಿಯೇ ವರ್ಷಕ್ಕೆ ಸುಮಾರು ಅರ್ಧದಷ್ಟು ಸಾಯುವುವೆಂದು ಇಂತಹ ದಾಖಲೆಗಳಿಂದ ತಿಳಿದಿದೆ.

ಈ ಜ್ಞಾನದಿಂದ ಬೇಸಾಯಗಾರನಿಗೆ ಆಗುವ ಪ್ರಯೋಜನಕ್ಕೂ ಇಂಗ್ಲೆಂಡಿನಲ್ಲಿಯೇ ನಿದರ್ಶನವುಂಟು. ಅಲ್ಲಿ ಕಾಡುಪಾರಿವಾಳವು ಪೈರಿಗೆ ದೊಡ್ಡ ಪೀಡೆ. ಅದನ್ನು ಹೊಡೆಯಲು ಸರ್ಕಾರವು ತೋಟಾಗಳಿಗೆ ಸಹಾಯದ್ರವ್ಯವನ್ನು ಕೊಡುತ್ತಿದ್ದಿತು. ಮರ್ಟನ್ ಎಂಬ ಶಾಸ್ತ್ರಜ್ಞನೂ ಆತನ ಸಂಗಡಿಗರೂ ಕೇಂಬ್ರಿಜ್ ಪ್ರಾಂತದ ಹೊಲಗಳಲ್ಲಿ ಹಲವು ವರ್ಷ ಎಣಿಕೆ ಮಾಡಿ ನೋಡಿದಾಗ, ಚಳಿಗಾಲದಲ್ಲಿ ಎಷ್ಟು ಹಕ್ಕಿಗಳು ಉಳಿಯುವುವೆಂಬುದನ್ನು ನಿರ್ಧರಿಸುವುದು ಬಂದೂಕಲ್ಲ, ಆ ಕಾಲದಲ್ಲಿ ದೊರೆಯುವ ಕ್ಲೋವರ್ ಮೇವಿನ ಮೊತ್ತವೆಂದು ಕಂಡುಬಂದಿತು. ಗುಂಡಿಗೆ ಬಲಿಯಾದವು ಹೇಗೂ ಹಸಿವಿನಿಂದ ಸಾಯತಕ್ಕ ಹಕ್ಕಿಗಳೇ ಆಗಿದ್ದುವು. ವಸಂತದ ವೇಳೆಗೆ ಉಳಿದವುಗಳ ಸಂಖ್ಯೆ ಅದರಿಂದ ಕಡಿಮೆಯಾಗಲಿಲ್ಲ. ಆದುದರಿಂದ ಎಲ್ಲೆಡೆಯೂ ಕೊಲ್ಲುವುದಕ್ಕಿಂತ, ಪೈರಿಗೆ ಅಪಾಯವಿರುವ ಹೊಲವನ್ನು ಅಪಾಯದ ಕಾಲದಲ್ಲಿ ಕಾಯುವುದೇ ಮೇಲೆಂದು ತಿಳಿಯಿತು. ಅಟ್ಟಣೆಯ ಮೇಲೆ ಕುಳಿತು ಹಾಲುಗಾಳಿನ ಕಾಲದಲ್ಲಿ ಕಾವಲು ಕಾಯುವ ರೈತನ ಹಳೆಯ ವಾಡಿಕೆಯೂ ಇದನ್ನೇ ಹೇಳುತ್ತದೆ.

ಭಾರತದಲ್ಲಿ ನಡೆದಿರುವ ಕೆಲಸ

೧೮೮೩ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ೧೯೨೭ರಲ್ಲಿ ಧಾರ್ ಸಂಸ್ಥಾನದ ಮಹಾರಾಜರ ಪ್ರೋತ್ಸಾಹದಿಂದ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸವನ್ನು ಆರಂಭಿಸಿತು. ಈ ಕೆಲಸವು ದೊಡ್ಡ ಪ್ರಮಾಣಕ್ಕೆ ಬೆಳೆಯಲು ಕರ್ನಾಟಕದ ಒಂದು ಕಾಯಿಲೆಯೇ ಕಾರಣವಾಯಿತು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬಿದ್ದು, ಕಾಡಿಗೆ ಹೋಗಿಬರುತ್ತಿದ್ದ ಜನರಿಗೆ ಕಠಿಣವಾದ ಜ್ವರ ಬಂದಿತು. ಈಗ ಮಂಗನ ಕಾಯಿಲೆಯೆಂದು ಎಲ್ಲರಿಗೂ ತಿಳಿದಿರುವ ಈ ಜ್ವರದ ವಿಷಾಣುವು ರಷ್ಯಾ ದೇಶದಲ್ಲಿ ಉಣ್ಣೆಗಳ ಮೂಲಕ ಹರಡುವ ಮೆದುಳುಜ್ವರದ ವಿಷಾಣುವಿಗೆ ಹತ್ತಿರದ್ದೆಂದು ಕಂಡುಬಂದುದರಿಂದ, ಅಲ್ಲಿಂದ ವಲಸೆ ಬರುವ ಹಕ್ಕಿಗಳು ಮೈಮೇಲಿನ ಉಣ್ಣೆಗಳ ಸಂಗಡ ಅದನ್ನು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಇದನ್ನು ಪರೀಕ್ಷಿಸುವ ಸಲುವಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಸಲೀಂ ಅಲಿಯವರ ನೇತೃತ್ವದಲ್ಲಿ, ೧೯೫೯ರಿಂದ ಹಕ್ಕಿಗಳನ್ನು ಹಿಡಿದು ಉಣ್ಣೆಗಳನ್ನು ಆಯ್ದು, ಉಂಗುರ ತೊಡಿಸಿ ಬಿಡುವ ಕೆಲಸವು ವ್ಯಾಪಕವಾಗಿ ನಡೆಯಿತು. ಕಾಯಿಲೆಯನ್ನು ಹಕ್ಕಿಗಳೇ ತಂದುವೆಂಬುದು ರುಜುವಾತಾಗಲಿಲ್ಲ. ಆದರೆ ವಲಸೆಯ ದಾರಿಗಳ ಬಗ್ಗೆ ಅಪಾರವಾದ ತಿಳಿವಳಿಕೆ ದೊರೆಯಿತು.

ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಇನ್ನೊಂದು ನಿದರ್ಶನ. ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಯು ಇವುಗಳಿಗೆ ಹೆಸರಾದುದು. ಅವು ಸುತ್ತಲಿನ ಹೊಲಗಳಿಗೂ ಇಳಿದು ಮೇಯುತ್ತವೆ. ಮಂಗೋಲಿಯಾ ದೇಶದಲ್ಲಿ ಕೊರಳಪಟ್ಟಿ ತೊಡಿಸಿದ ಇಂತಹ ಹೆಬ್ಬಾತುಗಳು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕಂಡುಬಂದಿವೆ. ಹಿಮಾಲಯವನ್ನು ದಾಟಿ ಬಂದ ಹಕ್ಕಿಯ ಪ್ರಯಾಣವು ಕೆರೆಯ ಏರಿಯ ಮೇಲೆ ನಿಂತು ನಾಲ್ಕು ಅಕ್ಷರಗಳನ್ನು ಓದಿ ಬರೆದುಕೊಂಡವರಿಂದ ತಿಳಿಯಿತು.

ಗ್ರಾಮದ ಮುಖಂಡರೂ ಹಿಡುವಳಿದಾರರೂ ಮಾಡತಕ್ಕುದು

ಕಾಡುಹಕ್ಕಿಗಳನ್ನು ಅನುಮತಿಯಿಲ್ಲದೆ ಹಿಡಿಯುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಮೇರೆಗೆ ಅಪರಾಧವಾಗಿದೆ. ಆದಕಾರಣ ಉಂಗುರ ತೊಡಿಸುವ ಕೆಲಸವನ್ನು ಅನುಮತಿ ಪಡೆದ ತರಬೇತಾದವರೇ ಮಾಡತಕ್ಕದ್ದು. ಗ್ರಾಮಸ್ಥರು ಈ ಪ್ರಯೋಗಕ್ಕೆ ತಾವೇ ಬಲೆ ಒಡ್ಡಕೂಡದು. ಗ್ರಾಮಸ್ಥರಿಂದ ಆಗಬೇಕಾದುದು ಈ ಕೆಳಗಿನಂತೆ ಇರುವುದು.

(೧) ಉಂಗುರವಿರುವ ಹಕ್ಕಿಯು ಜೀವಂತವಾಗಿ ಕೈಗೆ ಸಿಕ್ಕಿದರೆ, ಅಂಕಿಯನ್ನೂ ಅಕ್ಷರಗಳನ್ನೂ ಇದ್ದಂತೆಯೇ ಬರೆದುಕೊಂಡು, ಸಾಧ್ಯವಾದರೆ ಉಂಗುರದ ಛಾಯಾಚಿತ್ರವನ್ನು ತೆಗೆದು, ಉಂಗುರವನ್ನು ಕೀಳದೆ ಹಕ್ಕಿಯನ್ನು ಬಿಟ್ಟುಬಿಡಬೇಕು.

(೨) ಸತ್ತ ಹಕ್ಕಿಯಾದರೆ ಬರಿಗೈಯಿಂದ ಮುಟ್ಟದೆ ಉಂಗುರವನ್ನು ಓದಿಕೊಳ್ಳಬೇಕು. ಹಲವು ಹಕ್ಕಿಗಳು ಒಂದೇ ಕಡೆ ಸತ್ತು ಬಿದ್ದಿದ್ದರೆ ಹಕ್ಕಿಜ್ವರದ ಸಂಭವವಿರುವುದರಿಂದ, ಮುಟ್ಟದೆ, ಕೂಡಲೆ ಪಶುವೈದ್ಯರಿಗೆ ತಿಳಿಸಬೇಕು.

(೩) ಕೊರಳಪಟ್ಟಿಯಾಗಲಿ ಬಣ್ಣದ ಉಂಗುರವಾಗಲಿ ಇದ್ದರೆ ಪಟ್ಟಿಯ ಬಣ್ಣ, ಅಕ್ಷರ, ಯಾವ ಕಾಲಿಗೆ ಯಾವ ಬಣ್ಣ, ಮೇಲಿನಿಂದ ಕೆಳಕ್ಕೆ ಯಾವ ಕ್ರಮ ಎಂಬುದನ್ನು ಬರೆದುಕೊಳ್ಳಬೇಕು.

(೪) ಕಂಡ ತಾರೀಖು, ಗ್ರಾಮ, ತಾಲ್ಲೂಕು, ಕೆರೆ ಅಥವಾ ಹೊಲದ ಗುರುತು, ಹಕ್ಕಿಯು ಸಿಕ್ಕಿದ ಬಗೆ ಇವುಗಳನ್ನು ಸೇರಿಸಿ ಮುಂಬಯಿಯ ಮೇಲ್ಕಂಡ ಸೊಸೈಟಿಗೋ, ಹತ್ತಿರದ ಅರಣ್ಯ ಇಲಾಖೆಯ ಕಛೇರಿಗೋ ತಿಳಿಸಬೇಕು. ಭಾರತದಲ್ಲಿ ತೊಡಿಸಿದ ಅನೇಕ ಉಂಗುರಗಳ ಮೇಲೆ ಆ ಸೊಸೈಟಿಗೆ ತಿಳಿಸುವಂತೆ ಇಂಗ್ಲಿಷಿನಲ್ಲಿ ಕೆತ್ತಿರುತ್ತದೆ.

(೫) ಹಕ್ಕಿಯು ಹೇಗೆ ಸತ್ತಿತೆಂಬುದನ್ನು ಇದ್ದಂತೆಯೇ ಹೇಳಬೇಕು. ತಂತಿಗೆ ಸಿಕ್ಕಿ ಸತ್ತಿತೋ, ಔಷಧ ಹಾಕಿದ ಬೀಜ ತಿಂದು ಸತ್ತಿತೋ ಎಂಬುದು ಅಧ್ಯಯನಕ್ಕೆ ಅಂಕಿಯಷ್ಟೇ ಬೆಲೆಯುಳ್ಳ ಸಂಗತಿ.

ಕಾಲಿಗೆ ಉಂಗುರವಿರುವ ಹಕ್ಕಿಯನ್ನು ಕಂಡು ಪರದೇಶದವರ ಬೇಹುಗಾರಿಕೆಯೆಂದು ಜನರು ಗಾಬರಿಪಡುವುದೂ, ಉಂಗುರವನ್ನು ಒಪ್ಪಿಸಿದರೆ ತಮ್ಮ ಮೇಲೆ ಆಕ್ಷೇಪಣೆ ಬರುವುದೆಂದು ಹೆದರಿ ಅದನ್ನು ಬಚ್ಚಿಡುವುದೂ ಉಂಟು. ಈ ಎರಡು ಭಯಗಳನ್ನೂ ಹೋಗಲಾಡಿಸುವುದು ಗ್ರಾಮದ ಮುಖಂಡರ ಮಾತಿನಿಂದ ಆಗುವಷ್ಟು ಬೇರೆ ಯಾವುದರಿಂದಲೂ ಆಗದು.

ಎಸೆದ ಒಂದು ಉಂಗುರವು ಬದುಕಿಲ್ಲದ ಹಕ್ಕಿಗಳನ್ನು ಲೆಕ್ಕದಲ್ಲಿ ಬದುಕಿಸುವುದು. ತಿಳಿಸಿದ ಒಂದು ಉಂಗುರವು ಲೆಕ್ಕವನ್ನು ನಿಜದ ಹತ್ತಿರಕ್ಕೆ ತರುವುದು. ಹಕ್ಕಿಯಿಂದ ಪೈರನ್ನು ಕಾಪಾಡುವುದಕ್ಕೂ, ಪೈರಿಗೆ ಉಪಕಾರಿಯಾದ ಹಕ್ಕಿಯನ್ನು ಉಳಿಸಿಕೊಳ್ಳುವುದಕ್ಕೂ ಈ ನಿಜವಾದ ಲೆಕ್ಕವೇ ಆಧಾರವಾದುದರಿಂದ, ಗ್ರಾಮದ ಮುಖಂಡರೂ ಹಿಡುವಳಿದಾರರೂ ಮೇಲಿನ ಸೂಚನೆಗಳನ್ನು ತಮ್ಮ ತಮ್ಮ ಗ್ರಾಮಗಳಲ್ಲಿ ಓದಿ ಹೇಳಿಸಿ, ಹೊಲದ ಕಾವಲಿನವರಿಗೂ ದನ ಕಾಯುವ ಹುಡುಗರಿಗೂ ಬೆಸ್ತರಿಗೂ ತಿಳಿಯಪಡಿಸಬೇಕೆಂದು ಅಪೇಕ್ಷಿಸಲಾಗಿದೆ.